ಪರದೆಯ ಹಿಂದಿನ ಧ್ವನಿ ಮತ್ತು ನನ್ನ ಎರಡು ವರದಿಗಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲು ಹೇಳಬೇಕಾದದ್ದು ಕಾನೂನಿನ ವಿಷಯವಲ್ಲ, ಊಟದ ವಿಷಯ. ಗ್ರಾಮ ಲೆಕ್ಕಿಗನನ್ನು ಮದುವೆಗೆ ಎಲ್ಲರೂ ಕರೆಯುತ್ತಾರೆ. ಮೊದಲ ಪಂಕ್ತಿಯಲ್ಲೇ ಕೂರಿಸುತ್ತಾರೆ. ಪಕ್ಕದ ಎಲೆಗೆ ಕೂತವನು ಸಾರು ಬರುವುದರೊಳಗೆ ತನ್ನ ಪಹಣಿಯ ತಕರಾರು ಶುರುಮಾಡಿ ಪಾಯಸದ ಹೊತ್ತಿಗೆ ಮುಗಿಸುತ್ತಾನೆ. ಕೈ ತೊಳೆಯುವಲ್ಲಿ ಇನ್ನೊಬ್ಬ ಕಾಯುತ್ತಿರುತ್ತಾನೆ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಮೂವತ್ತೊಂದು ವರ್ಷ ಹೀಗೆ ಉಂಡೆ. ಮದುವೆಯಾಗಲಿಲ್ಲ, ಅದಕ್ಕೆ ಹೇಳುವಂಥ ಕಾರಣವೇನೂ ಇಲ್ಲ. ವರ್ಗವಾದಲ್ಲೆಲ್ಲ ಒಂದು ಕೋಣೆ ಹಿಡಿದೆ, ಒಂದು ಪಾವು ಅಕ್ಕಿ ಬೇಯಿಸಿದೆ. ಈಗ ಹೊನ್ನಾವರದ ಬಸ್ ನಿಲ್ದಾಣದ ಹಿಂದೆ ಒಂದು ಮಾಳಿಗೆಯ ಕೋಣೆಯಲ್ಲಿದ್ದೇನೆ. ಕೆಳಗೆ ಹಾದುಹೋಗುವವರಲ್ಲಿ ಒಂದು ಕಾಲಕ್ಕೆ ನನಗೆ ದೂರದಿಂದಲೇ ಕೈ ಮುಗಿಯುತ್ತಿದ್ದವರೂ ಇದ್ದಾರೆ. ಈಗ ಮೇಲೆ ನೋಡುವುದಿಲ್ಲ. ತಪ್ಪು ಅವರದಲ್ಲ. ಆ ನಮಸ್ಕಾರ ಹುದ್ದೆಯದು, ಹುದ್ದೆಯ ಜೊತೆಗೇ ಹೋಯಿತು.

ಹಳಬರು ನಮ್ಮನ್ನು ತಲಾಠಿ ಎನ್ನುತ್ತಿದ್ದರು. ಆಮೇಲೆ ಗ್ರಾಮ ಲೆಕ್ಕಿಗ ಎಂದಾಯಿತು, ಈಗ ಗ್ರಾಮ ಆಡಳಿತ ಅಧಿಕಾರಿ. ಹೆಸರು ಉದ್ದವಾದಂತೆ ಕೆಲಸ ಬದಲಾಗಿದೆ ಎಂದು ನನಗೆ ಅನಿಸುವುದಿಲ್ಲ. ಕೆಲಸ ಇಷ್ಟೇ: ಮೇಲಿನವರು ಕೂತಲ್ಲಿಂದ ಕಾಣದ್ದನ್ನು ಹೋಗಿ ಕಂಡು, ಕಂಡದ್ದಾಗಿ ಬರೆದುಕೊಡುವುದು.

ಇನ್ನೊಂದು ಎಚ್ಚರಿಕೆ. ನಿವೃತ್ತರು ನೆನಪಿನಿಂದ ಹೇಳುವುದನ್ನು ಪೂರ್ತಿ ನಂಬಬೇಡಿ. ನಮಗೆ ಬಿಡುವು ಜಾಸ್ತಿ. ನೆನಪುಗಳನ್ನು ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ಇಟ್ಟಿರುತ್ತೇವೆ. ನನ್ನವೂ ಹಾಗೇ ಮಡಿಚಿಟ್ಟಿದ್ದವು, ಈ ಮಳೆಗಾಲದವರೆಗೆ.

ಮೊದಲ ಊರು ಅಘನಾಶಿನಿ. ಸೇರಿ ಎರಡು ತಿಂಗಳಾಗಿರಬೇಕು. ಮನೆಮನೆಗೆ ಹೋಗಿ ವಾಸವಿರುವವರ ಪಟ್ಟಿ ಮಾಡಿ ಎಂದು ಆದೇಶ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ಹೊಳೆಯಂಚಿನ ಕೇರಿಗೆ ಹೋದೆ. ಒಂದು ಮನೆಯಲ್ಲೂ ಮನುಷ್ಯರಿರಲಿಲ್ಲ. ಬಾಗಿಲು ಮುಂದಕ್ಕೆ ಮಾಡಿತ್ತು, ಕೋಳಿ ಓಡಾಡುತ್ತಿದ್ದವು. ನಾನು ಸಾಲಾಗಿ ಹತ್ತೊಂಬತ್ತು ಮನೆಗಳ ಮುಂದೆ ‘ವಾಸವಿಲ್ಲ’ ಎಂದು ಬರೆದು ಸಹಿ ಹಾಕಿದೆ. ತಾಲೂಕು ಕಚೇರಿಯ ಶಿರಸ್ತೇದಾರರು ಪಟ್ಟಿ ನೋಡಿ ಕನ್ನಡಕ ತೆಗೆದರು.

“ಹತ್ತೊಂಬತ್ತು ಮನೆಯವರು ಒಂದೇ ದಿನ ಊರು ಬಿಟ್ರೇನೋ ನಾಯ್ಕಾ? ಎಂತ, ಹೊಳೆ ನುಂಗ್ತಾ?”

ಮತ್ತೆ ಹೋದೆ. ಈ ಸಲ ಮಧ್ಯಾಹ್ನ ದಾಟಿತ್ತು. ಒಬ್ಬ ಮುದುಕಿ ಅಂಗಳದಲ್ಲಿ ಬಳಚಿನ ಚಿಪ್ಪುಗಳನ್ನು ರಾಶಿ ಹಾಕಿಕೊಂಡು ಕೂತಿದ್ದಳು. ಸೀರೆ ಸೊಂಟದವರೆಗೆ ಒದ್ದೆ.

“ನಾವು ಇಲ್ಲ ಹೇಳಿ ಬರ್ದವ ನೀನೇಯಾ?” ಎಂದಳು. “ಇಳಿತದ ಹೊತ್ತಿಗೆ ಬಂದ್ರೆ ಬೆಕ್ಕು ಸಿಗ್ತದೆ. ಮನ್ಷರು ಬೇಕಾದ್ರೆ ಭರತಕ್ಕೆ ಬಾ. ಹೊಳೆ ತುಂಬಿದ್ಮೇಲೆ ನಾವು ಮತ್ತೆಲ್ಲಿಗೆ ಹೋಗೂದು?”

ನೀರು ಇಳಿದಾಗ ಇಡೀ ಕೇರಿ ಹೊಳೆಯಲ್ಲಿ ಬಳಚು ಹೆಕ್ಕುತ್ತಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆಮೇಲಿಂದ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಭರತ ಇಳಿತ ಲೆಕ್ಕ ಹಾಕಿ, ಅಘನಾಶಿನಿಗೆ ಹೋಗುತ್ತಿದ್ದೆ. ಆ ಮುದುಕಿ ಅವತ್ತು ನನಗೆ ಬಳಚಿನ ಸುಕ್ಕ ಕೊಟ್ಟಳು ಎಂದು ನಾನು ಹಲವರಿಗೆ ಹೇಳಿದ್ದೇನೆ. ಕೊಟ್ಟಿರಲಿಕ್ಕಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಅನಿಸಿದ್ದು ಮಾತ್ರ ಖರೆ.

ಮುಂದಿನದು ಕಾಗಾಲದಲ್ಲಿ. ಆ ಹೊತ್ತಿಗೆ ಅನುಭವ ಬಂದಿತ್ತು, ಅನುಭವದ ಜೊತೆ ಬರುವ ಸೋಮಾರಿತನವೂ ಬಂದಿತ್ತು. ನಮ್ಮ ನಮೂನೆಗಳಲ್ಲಿ ಕೊನೆಗೊಂದು ಸಾಲಿರುತ್ತದೆ: ‘ಸದರಿಯವರನ್ನು ಖುದ್ದು ಕಂಡಿದೆ / ಕಂಡಿಲ್ಲ, ಬೇಡವಾದದ್ದನ್ನು ಹೊಡೆದುಹಾಕುವುದು.’ ನಾವು ಮಾಡುತ್ತಿದ್ದದ್ದು ಹೀಗೆ. ನಲವತ್ತು ನಮೂನೆಗಳನ್ನು ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿ, ಅಡಿಪಟ್ಟಿ ಇಟ್ಟು, ಊರಿಗೆ ಹೊರಡುವ ಮೊದಲೇ ಎಲ್ಲದರಲ್ಲೂ ‘ಕಂಡಿಲ್ಲ’ವನ್ನು ಹೊಡೆದುಬಿಡುವುದು. ಊರಿಗೆ ಹೋಗಿ ಚಹದಂಗಡಿಯಲ್ಲಿ ಕೂತು ಉಳಿದದ್ದನ್ನು ತುಂಬುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಬರೆಯಲು ಕೈ ಹೋಗುತ್ತಿದೆ. ನಾನು ಮಾಡುತ್ತಿದ್ದೆ ಎಂದಷ್ಟೇ ಬರೆಯುತ್ತೇನೆ.

ಕಾಗಾಲದ ಒಬ್ಬ ಮುದುಕನ ವೃದ್ಧಾಪ್ಯ ವೇತನಕ್ಕೆ ಅವನು ಜೀವಂತ ಇದ್ದಾನೆಂಬ ವರದಿ ಬೇಕಿತ್ತು. ಅವನ ಮನೆಯ ಬೇಲಿಯ ದಣಪೆಯ ಹೊರಗಿನಿಂದಲೇ ಕೂಗಿದೆ. ಒಳಗಿನಿಂದ ಯಾರೋ ಕೆಮ್ಮಿದರು. “ಮಲಗಿದಾರೆ, ಎಬ್ಬಿಸ್ಲಾ?” ಎಂದು ಅವನ ತಂಗಿಯ ಮಗ ಕೇಳಿದ. ಬೇಡ ಎಂದು ಸಹಿ ಹಾಕಿ ಬಂದೆ. ಮುದುಕ ಸತ್ತು ನಾಲ್ಕು ತಿಂಗಳಾಗಿತ್ತು. ಯಾರೋ ಮೂಗರ್ಜಿ ಹಾಕಿದರು, ನನಗೆ ಕಾರಣ ಕೇಳಿ ನೋಟೀಸು ಬಂತು. ನಾನು ಕೆಮ್ಮಿನ ವಿಷಯ ಹೇಳಿಕೊಂಡಾಗ ಶಿರಸ್ತೇದಾರರು ನಗದೆ ಹೇಳಿದರು:

“ಕೆಮ್ಮಿಗೆ ಆಧಾರ್ ಕಾರ್ಡ್ ಇರೂದಿಲ್ಲ ಮಾರಾಯಾ. ಇನ್ನು ಕಣ್ಣಿಗೆ ಕಂಡದ್ದು ಬರಿ. ಕಿವಿಗೆ ಕೇಳಿದ್ದು ನಿನ್ನ ಹತ್ರಾನೇ ಇಟ್ಕ.”

ನೋಟೀಸು ಎಚ್ಚರಿಕೆಯಲ್ಲಿ ಮುಕ್ತಾಯವಾಯಿತು. ಆದರೆ ನಾನು ಬದಲಾದೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಒಂದಕ್ಷರ ಬರೆಯುವುದಿಲ್ಲ ಎಂದು ಹಟ ಹಿಡಿದೆ. ಜನರಿಗೆ ಇದು ಪೀಡೆಯಾಯಿತು. ಜ್ವರ ಬಂದು ಮಲಗಿದವರನ್ನು ಎಬ್ಬಿಸಿ ನಿಲ್ಲಿಸಿದ್ದೇನೆ. ಈ ಹಟವನ್ನು ಪ್ರಾಮಾಣಿಕತೆ ಎಂದು ನಾನೇ ಕರೆದುಕೊಂಡೆ. ಹೆದರಿಕೆ ಎನ್ನುವುದು ಹೆಚ್ಚು ಹತ್ತಿರದ ಶಬ್ದ.

ಭಟ್ಕಳಕ್ಕೆ ವರ್ಗವಾದದ್ದು ಇದರ ನಂತರ.

ಅಲ್ಲಿಯ ಕೆಲವು ನವಾಯತ ಮುಸ್ಲಿಂ ಕುಟುಂಬಗಳಿಗೆ ಕರಾಚಿಯಲ್ಲಿ ನೆಂಟರಿದ್ದಾರೆ. ದೇಶ ಎರಡಾಗುವ ಮೊದಲೇ ವ್ಯಾಪಾರಕ್ಕೆ ಹೋಗಿ ಅಲ್ಲೇ ಉಳಿದವರು. ಅಂಥ ಸಂಬಂಧದಲ್ಲಿ ಅಲ್ಲಿಂದ ಸೊಸೆ ತಂದ ಮನೆಗಳಿವೆ. ಆ ಸೊಸೆಯರು ಪರದೇಶದ ಪ್ರಜೆಗಳು. ದೀರ್ಘಾವಧಿ ವೀಸಾದ ಮೇಲೆ ಇರುತ್ತಾರೆ. ಅವಧಿ ಮುಗಿಯುವ ಮೊದಲು ಅದನ್ನು ನವೀಕರಿಸಬೇಕು. ವೀಸಾ ಕೊಡುವುದು ದೆಹಲಿ. ಆದರೆ ಆ ಹೆಂಗಸು ಹೇಳಿದ ಮನೆಯಲ್ಲೇ ಇದ್ದಾಳೋ ಇಲ್ಲವೋ ದೆಹಲಿಗೆ ಕಾಣುವುದಿಲ್ಲ. ಆದ್ದರಿಂದ ಕಾಗದ ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು ಕೊನೆಗೆ ನನ್ನ ಸ್ಕೂಟರಿನ ಡಿಕ್ಕಿಗೆ ಬರುತ್ತಿತ್ತು. ಪೊಲೀಸರ ವರದಿ ಬೇರೆ, ನಮ್ಮದು ಬೇರೆ. ಎರಡೂ ತಾಳೆಯಾಗಬೇಕು. ದೇಶದ ಗಡಿಯ ಕೆಲಸ ಮಾಡುವವರು ಎಂದರೆ ಬಂದೂಕು ಹಿಡಿದವರು ಎಂದುಕೊಂಡಿದ್ದೆ. ಬಾಲ್‌ಪೆನ್ ಹಿಡಿದ ನಾನೂ ಅದನ್ನೇ ಮಾಡುತ್ತಿದ್ದೆ ಎಂದು ಆಗ ಹೊಳೆಯಲಿಲ್ಲ.

ಸಫಿಯಾ ಎಂಬವರ ಕಾಗದ ಹಾಗೆ ಬಂತು. ಕರಾಚಿಯಲ್ಲಿ ಹುಟ್ಟಿದವರು, ಮದುವೆಯಾಗಿ ಬಂದು ಹದಿಮೂರು ವರ್ಷ. ಇಬ್ಬರು ಹೆಣ್ಣುಮಕ್ಕಳು, ಇಲ್ಲೇ ಹುಟ್ಟಿದವರು, ಇಲ್ಲಿಯ ಪ್ರಜೆಗಳು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ವೀಸಾ ಗಂಡನ ಹೆಸರಿನ ಮೇಲಿತ್ತು; ಈಗ ವಿಧವೆಯೆಂದು ಅದು ಮುಂದುವರಿಯಬೇಕಾದರೆ, ಅವರು ಅದೇ ಮನೆಯಲ್ಲಿ ಮಕ್ಕಳ ಜೊತೆ ವಾಸವಿದ್ದಾರೆ ಎಂದು ನಾನು ಬರೆಯಬೇಕಿತ್ತು. ಬರೆಯದಿದ್ದರೆ ಅವರು ಹೋಗಬೇಕು, ಮಕ್ಕಳು ಉಳಿಯಬೇಕು. ವಿಷಯ ಇಷ್ಟು ಸರಳ.

ಅವತ್ತು ಜೋರು ಮಳೆ, ಜಗಲಿಯ ಮೇಲೆ ಇರಚಲು ಹೊಡೆಯುತ್ತಿತ್ತು ಎಂದು ಇಷ್ಟು ವರ್ಷ ಹೇಳಿದ್ದೇನೆ. ವರದಿಯ ತಾರೀಖಿನ ಪ್ರಕಾರ ಅದು ಕಡು ಬೇಸಿಗೆ. ಹಾಗಾದರೆ ಮಳೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಜಗಲಿಯಲ್ಲಿ ಗಂಡನ ಅಣ್ಣ ಇಸ್ಮಾಯಿಲ್ ಕುರ್ಚಿ ಹಾಕಿಕೊಟ್ಟರು. ಪೇಟೆಯಲ್ಲಿ ಪ್ಲಾಸ್ಟಿಕ್ ಬಕೆಟು, ಕೊಡಗಳ ಅಂಗಡಿ ಇಟ್ಟವರು, ನನ್ನ ವಯಸ್ಸಿನವರೇ.

“ಅವಳು ಇದ್ದತ್ತಿನಲ್ಲಿ ಇದ್ದಾಳೆ ನಾಯ್ಕರೆ,” ಎಂದರು. “ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ. ಮನೆ ಬಿಟ್ಟು ಹೊರಗೆ ಹೋಗೂದಿಲ್ಲ. ಹೊರಗಿನ ಗಂಡಸರ ಎದುರು ಬರೂದಿಲ್ಲ.”

“ನನಗೆ ನೋಡ್ಬೇಕಲ್ಲ.”

“ಎಂತ ನೋಡೂದು? ಕೇಳಿ, ಹೇಳ್ತಾಳೆ. ಪರದೆ ಹಿಂದೆನೇ ಇದ್ದಾಳೆ.”

ಬಾಗಿಲಿಗೆ ಹಸಿರು ಪರದೆ ಇತ್ತು. ಹೆಸರು ಕೇಳಿದೆ. ಹೇಳಿದರು. ತಂದೆಯ ಹೆಸರು, ಬಂದ ವರ್ಷ, ಮಕ್ಕಳ ಶಾಲೆ, ಎಲ್ಲ ಹೇಳಿದರು. ಮಕ್ಕಳ ಪುಸ್ತಕ ನೋಡಿ ಕಲಿತ ಕನ್ನಡ. ಕೊನೆಗೆ ಆ ಧ್ವನಿ, “ನಾನು ಬರ್ಲಾ?” ಎಂದು ಕೇಳಿತು.

“ಬೇಡ” ಎಂದು ಒಂದು ಉತ್ತರ ಬಂತು.

ಯಾರು ಹೇಳಿದ್ದು? ಇಸ್ಮಾಯಿಲ್ ಹೇಳಿದರು ಎಂದು ನನ್ನ ನೆನಪು. ಸ್ಪಷ್ಟವಾಗಿಯೇ ನೆನಪಿದೆ, ಕೈಯನ್ನು ಹೀಗೆ ಅಡ್ಡ ಮಾಡಿ. ಅಷ್ಟು ಸ್ಪಷ್ಟವಾಗಿ ನೆನಪಿರುವುದರಿಂದಲೇ ಈಗ ನನಗೆ ಅನುಮಾನ.

ಕೋಣೆಗೆ ಬಂದು ನಮೂನೆ ತೆಗೆದೆ. ವಾಸವಿದ್ದಾರೆಂದು ನನಗೆ ಖಾತ್ರಿಯಿತ್ತು. ಆದರೆ ಕಂಡಿರಲಿಲ್ಲ. ಎದುರಿಗೆ ಕಾಗಾಲದ ಕೆಮ್ಮು ನಿಂತಿತ್ತು. ಯಾರಾದರೂ ಒಬ್ಬ ಅಂಗನವಾಡಿ ಶಿಕ್ಷಕಿಯನ್ನು ಕರೆದುಕೊಂಡು ಹೋಗಿ ಒಳಗೆ ಕಳಿಸಿದ್ದರೆ ಮುಗಿಯುತ್ತಿತ್ತು. ಹೆಂಗಸರು ಹೆಂಗಸರನ್ನು ಕಾಣಲು ಅಡ್ಡಿಯಿಲ್ಲ. ನನಗೆ ಅದು ಹೊಳೆಯಲೇ ಇಲ್ಲ. ವರ್ಷಗಟ್ಟಲೆ ಒಬ್ಬನೇ ಓಡಾಡಿದವನಿಗೆ ಇನ್ನೊಬ್ಬರನ್ನು ಜೊತೆಗೆ ಕರೆಯುವುದು ಹೊಳೆಯುವುದಿಲ್ಲ. ‘ಕಂಡಿದೆ’ಯನ್ನು ಅಡಿಪಟ್ಟಿ ಇಟ್ಟು ಹೊಡೆದೆ. ಕೆಳಗೆ ಬರೆದೆ: ‘ಪರದೆಯ ಹಿಂದಿನಿಂದ ಹೆಣ್ಣು ಧ್ವನಿಯೊಂದು ಕೇಳಿಬಂದಿರುತ್ತದೆ.’ ಅಕ್ಷರಶಃ ಸತ್ಯ. ನನ್ನ ವೃತ್ತಿಯಲ್ಲಿ ನಾನು ಬರೆದ ಅತ್ಯಂತ ಸತ್ಯವಾದ ವಾಕ್ಯ ಅದೇ ಇರಬೇಕು.

ಜಿಲ್ಲೆಯಲ್ಲಿ ಕೂತವರು ಅದನ್ನು ಓದಿ ಏನು ಮಾಡಬೇಕು? ಧ್ವನಿ ಯಾರದೂ ಆಗಬಹುದು. ಅರ್ಜಿದಾರಳ ವಾಸ್ತವ್ಯ ದೃಢಪಟ್ಟಿಲ್ಲ ಎಂದು ಷರಾ ಹಾಕಿದರು. ಮೂರು ವಾರದ ಮೇಲೆ, ಸಫಿಯಾ ದೇಶ ಬಿಡಬೇಕೆಂದು ನೋಟೀಸು ಹೊರಟಿತು. ಅದನ್ನು ಮನೆ ಗೋಡೆಗೆ ಅಂಟಿಸುವ ಕೆಲಸವೂ ನಮಗೇ ಬಂತು. ನಾನು ರಜೆ ಹಾಕಿದೆ. ಬೇರೆಯವರು ಹೋಗಿ ಅಂಟಿಸಿದರು.

ಮಾರನೆಯ ದಿನ ಕಚೇರಿಗೆ ಬಂದಾಗ ನನ್ನ ಮೇಜಿನ ಎದುರಿನ ಬೆಂಚಿನಲ್ಲಿ ಕಪ್ಪು ಬುರ್ಖಾ ತೊಟ್ಟ ಒಬ್ಬ ಹೆಂಗಸು ಕೂತಿದ್ದರು. ಪಕ್ಕದಲ್ಲಿ ಇಸ್ಮಾಯಿಲ್, ತಲೆ ತಗ್ಗಿಸಿಕೊಂಡು.

“ಇದ್ದತ್ತು ಮುಗೀಲಿಕ್ಕೆ ಇನ್ನೂ ಐದು ವಾರ ಉಂಟು,” ಎಂದರು ಇಸ್ಮಾಯಿಲ್. “ಮೌಲಾನಾರ ಹತ್ರ ಕೇಳ್ದೆ. ಇಂಥಾ ಅಗತ್ಯಕ್ಕೆ ಹಗಲು ಹೊರಗೆ ಹೋಗೂಕೆ ಅಡ್ಡಿ ಇಲ್ಲ, ಮೊದಲೇ ಯಾಕೆ ಕೇಳ್ಲಿಲ್ಲ ಹೇಳಿ ನನಗೇ ಬೈದ್ರು.”

ಹೆಂಗಸು ಎದ್ದು ನಿಂತರು. ಮುಖದ ಮೇಲಿನ ಬಟ್ಟೆ ತೆಗೆದರು.

“ನೋಡಿ ಸಾಹೇಬ್ರೆ,” ಎಂದರು. ಪರದೆಯ ಹಿಂದಿನ ಧ್ವನಿ ಅದೇ. “ನೋಡಿ ಆತಾ? ಅವತ್ತೇ ನೋಡ್ಬಹುದಿತ್ತು. ನಾನು ಬರ್ಲಾ ಕೇಳ್ದೆ. ನೀವೇ ಬೇಡ ಅಂದ್ರಿ.”

ಸುತ್ತಲಿನ ಮೇಜುಗಳಲ್ಲಿ ಪೆನ್ನುಗಳು ನಿಂತವು. ನಾನು ಇಸ್ಮಾಯಿಲರ ಕಡೆ ನೋಡಿದೆ. ಆ ಹೊತ್ತು ಅವರ ಮುಖ ಹೇಗಿತ್ತು ಎಂದು ನನಗೆ ನೆನಪಿದೆ. ಸಫಿಯಾರ ಮುಖ ನೆನಪಿಲ್ಲ. ಅಷ್ಟೆಲ್ಲ ಮಾಡಿ ಬಂದವರ ಮುಖವನ್ನು ನಾನು ನೋಡಿದೆನೋ, ಕಾಗದಕ್ಕೆ ಕಣ್ಣು ತಿರುಗಿಸಿದೆನೋ!

ಎರಡನೆಯ ವರದಿ ಬರೆಯಬೇಕಿತ್ತು. ತಹಶೀಲ್ದಾರರು ಕರೆದು ಹೇಳಿದರು: “ಖುದ್ದು ಕಂಡಿದೆ ಅಂತ ಬರೆದ್ರೆ ಸಾಲದು. ಮೊದಲ ಸಲ ಯಾಕೆ ಕಾಣಲಿಲ್ಲ ಅನ್ನೋದಕ್ಕೆ ಕಾರಣ ಬೇಕು. ಇಲ್ಲದಿದ್ದರೆ ನಿಮ್ಮ ಮೇಲೆ ಬರ್ತದೆ. ಮೊದಲೇ ಒಂದು ಎಚ್ಚರಿಕೆ ಇದೆ ನಿಮಗೆ.”

ಬರೆದುಕೊಟ್ಟೆ. ನೋಟೀಸು ವಾಪಸಾಯಿತು, ವೀಸಾ ಮುಂದುವರಿಯಿತು. ನನ್ನ ಬೀಳ್ಕೊಡುಗೆ ಸಭೆಯಲ್ಲಿ ನಾನು ಆಡಿದ್ದು ಈ ಒಂದೇ ಕಥೆ. ‘ಅರ್ಜಿದಾರರು ಹೊರಬರಲು ಸಿದ್ಧರಿದ್ದರೂ ನಾನೇ ಬೇಡವೆಂದೆ, ತಪ್ಪು ನನ್ನದು’ ಎಂದು ವರದಿಯಲ್ಲಿ ಬರೆದೆ, ಪರಿಣಾಮ ಬಂದರೆ ಬರಲಿ ಎಂದುಕೊಂಡೆ, ನೀವೂ ಹಾಗೆ ಬರೆಯಿರಿ ಎಂದು ಕಿರಿಯರಿಗೆ ಹೇಳಿದೆ. ಚಪ್ಪಾಳೆ ಬಿತ್ತು. ಹಾಗೆ ಬರೆದವನಿಗೆ ಆಮೇಲೆ ಒಂದೂ ನೋಟೀಸು ಬರಲಿಲ್ಲವೇಕೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಇಲ್ಲಿ ಇಸ್ಮಾಯಿಲರ ಬಗ್ಗೆ ಸ್ವಲ್ಪ ಹೇಳಬೇಕು. ಆ ಘಟನೆಯ ನಂತರವೂ ಪೇಟೆಯಲ್ಲಿ ಸಿಕ್ಕರೆ ಅವರು ನಿಲ್ಲುತ್ತಿದ್ದರು. “ಎಂತ ನಾಯ್ಕರೆ, ಆರಾಮಾ?” ಎನ್ನುತ್ತಿದ್ದರು. ಅಂಗಡಿಯ ಮುಂದೆ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಮೀನಿನ ದರ, ಹೆದ್ದಾರಿ ಅಗಲ ಮಾಡುವವರ ಹುಚ್ಚಾಟ, ಮಂಡಿನೋವು, ಹೀಗೆ ಏನೇನೋ. ಪಹಣಿಯ ಮಾತು ಒಂದು ದಿನವೂ ತೆಗೆಯಲಿಲ್ಲ. ನಿವೃತ್ತಿಯಾಗಿ ಹೊನ್ನಾವರಕ್ಕೆ ಬಂದ ಮೇಲೂ ಸಾಮಾನು ತರುವ ದಾರಿಯಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ನನ್ನ ಕೋಣೆಯ ಕೆಳಗೆ ನಿಂತು ಕೂಗುತ್ತಿದ್ದರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಒಬ್ಬ ಗೆಳೆಯ ಎಂದು ನಾನು ಅವರನ್ನು ಎಣಿಸಿದ್ದೆ.

ಈ ಮಳೆಗಾಲ ಅವರು ಕೆಳಗಿನಿಂದ ಕೂಗಲಿಲ್ಲ. ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು.

“ಸಫಿಯಾ ಪೌರತ್ವಕ್ಕೆ ಅರ್ಜಿ ಹಾಕಿದ್ಲು. ವಾಪಸ್ ಬಂತು,” ಎಂದರು. “ವಕೀಲರು ಫೈಲಿನ ನಕಲು ತೆಗೆಸಿದ್ರು. ಈ ಸಾಲು ಅಡ್ಡ ಬರ್ತದೆ ಅಂತಾರೆ.”

ಝೆರಾಕ್ಸು. ನನ್ನ ಅಕ್ಷರ. ನನ್ನ ಎರಡನೆಯ ವರದಿ. ‘ಮೊದಲ ಭೇಟಿಯ ಕಾಲಕ್ಕೆ ಕುಟುಂಬದವರ ಅಸಹಕಾರದಿಂದಾಗಿ ಅರ್ಜಿದಾರರನ್ನು ಕಾಣಲು ಸಾಧ್ಯವಾಗಿರುವುದಿಲ್ಲ.’

ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಬೀಳ್ಕೊಡುಗೆಯಲ್ಲಿ ಹೇಳಿದ ವಾಕ್ಯ ಎಲ್ಲೂ ಇರಲಿಲ್ಲ. ಪುಟ ತಿರುಗಿಸಿದೆ. ಹಿಂದೆ ಖಾಲಿ.

“ಇದು ನಿಮಗೆ ಈಗ ಗೊತ್ತಾಯ್ತಾ?” ಎಂದು ಕೇಳಿದೆ.

“ಇಲ್ಲಪ್ಪ. ಆ ವರ್ಷವೇ ಗೊತ್ತಿತ್ತು. ನನ್ನ ಪಾಸ್‌ಪೋರ್ಟ್ ತಡೆದ್ರಲ್ಲ, ಆಗ ಠಾಣೆಯಲ್ಲಿ ಓದಿ ಹೇಳಿದ್ರು. ಅಸಹಕಾರದ ಮನೆ ನಿಮ್ಮದು ಅಂತ.”

“ಗೊತ್ತಿದ್ದೂ ನನ್ನ ಹತ್ರ ಮಾತಾಡ್ತಿದ್ರಾ?”

“ಮಾತು ಬಿಟ್ರೆ ಮುಂದಿನ ಸಲ ವರದಿ ಬರೆಯೂದು ಯಾರು? ನೀವೇ ಅಲ್ವಾ?”

“ರಿಟೈರ್ ಆದ್ಮೇಲೆ?”

ಇಸ್ಮಾಯಿಲ್ ಝೆರಾಕ್ಸನ್ನು ಮಡಿಚಿ ಕವರಿಗೆ ಹಾಕಿದರು. “ಅದು ಅಭ್ಯಾಸ ಆಗಿ ಹೋಗಿತ್ತು,” ಎಂದರು.

ಕೆಳಗೆ ಕುಮಟಾ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ. ನಾನು ಚಹ ಮಾಡಲು ಎದ್ದೆ. ಇದ್ದದ್ದು ಒಂದೇ ಲೋಟ. ಅವರಿಗೆ ಅದರಲ್ಲಿ ಕೊಟ್ಟು ನಾನು ಪಾತ್ರೆಯಲ್ಲೇ ಕುಡಿದೆ.

ಅವರು ಬಂದದ್ದು ಜಗಳಕ್ಕಲ್ಲ. ಆ ಸಾಲು ತಪ್ಪು ಎಂದು ಅದನ್ನು ಬರೆದವನೇ ಪ್ರಮಾಣಪತ್ರ ಮಾಡಿಕೊಟ್ಟರೆ ಅರ್ಜಿಯನ್ನು ಮತ್ತೆ ಹಾಕಬಹುದು ಎಂದು ವಕೀಲರು ಹೇಳಿದ್ದರು. ಕೊಟ್ಟರೂ ಆಗಿಯೇ ಆಗುತ್ತದೆ ಎಂದಿಲ್ಲ. ಕೊಡದಿದ್ದರೆ ಆಗುವುದೇ ಇಲ್ಲ. ಅಲ್ಲಿಯವರೆಗೆ ಹಳೆಯದೇ ದಾರಿ: ಮತ್ತೆ ಮತ್ತೆ ವೀಸಾ, ಪ್ರತಿ ಸಲವೂ ಒಬ್ಬ ಹೊಸ ತಲಾಠಿ, ಅವನೊಂದು ನಮೂನೆ.

ನಾನು ಒಂದು ದಿನ ಕೇಳಿದೆ, ಯೋಚನೆ ಮಾಡಲು. ಈಗ ನೌಕರಿಯಲ್ಲಿರುವ ಒಬ್ಬ ಪರಿಚಯದವನಿಗೆ ಫೋನು ಮಾಡಿದೆ. “ಸುಳ್ಳು ವರದಿ ಕೊಟ್ಟಿದ್ದೆ ಅಂತ ನೀವೇ ಬರ್ದು ಕೊಡೂದಾ? ಎಂತ ತಲೆ ಕೆಟ್ಟಿದ್ಯಾ ಸರ್? ಇಲಾಖೆ ಸುಮ್ನೆ ಬಿಡ್ತದಾ?” ಎಂದ. ಅವನು ಹೇಳಿದ್ದು ಸರಿ. ಇಷ್ಟು ವಯಸ್ಸಿಗೆ ವಿಚಾರಣೆಗೆ ಹೋಗಿ ಕಟಕಟೆಯ ಹತ್ತಿರ ನಿಲ್ಲುವುದು ನನಗೆ ಹೆದರಿಕೆಯೇ. ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ಪ್ರಮಾಣಪತ್ರದಲ್ಲಿ ಏನೆಂದು ಬರೆಯುವುದು? ಬೇಡ ಎಂದವನು ನಾನೆಂದು ನನಗೆ ನೆನಪಿಲ್ಲ. ಆ ಜಗಲಿಯನ್ನು ಎಷ್ಟು ಸಲ ಹೊಕ್ಕು ನೋಡಿದರೂ ಇಸ್ಮಾಯಿಲರ ಕೈ ಅಡ್ಡ ಬರುತ್ತದೆ. ಆದರೆ ಇದೇ ನೆನಪು ಬೇಸಿಗೆಯಲ್ಲಿ ಮಳೆ ಸುರಿಸಿದೆ. ಬರೆಯದ ವಾಕ್ಯವನ್ನು ಬರೆದೆನೆಂದು ಸಭೆಯಲ್ಲಿ ಹೇಳಿಸಿದೆ. ಸಫಿಯಾರಿಗೆ ಆ ಜಗಲಿಯ ಮೇಲೆ ಕಳೆದುಕೊಳ್ಳಲು ಮನೆಯಿತ್ತು, ಮಕ್ಕಳಿದ್ದರು. ನನಗೆ ಮುಂದಿನ ಮನೆಗೆ ಹೋಗುವ ಅವಸರವಿತ್ತು. ಇಬ್ಬರಲ್ಲಿ ಯಾರು ಸರಿಯಾಗಿ ಕೇಳಿಸಿಕೊಂಡಿರುತ್ತಾರೆ?

ಭಟ್ಕಳದಲ್ಲಿ ನೋಟರಿ ವಕೀಲರ ಕಚೇರಿ ಒಂದು ಔಷಧಿ ಅಂಗಡಿಯ ಮೇಲೆ. ವಕೀಲರು ಮೂವತ್ತರ ಆಸುಪಾಸಿನ ಹೆಂಗಸು, ಶಿರಸಿ ಕಡೆಯವರು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಇಸ್ಮಾಯಿಲ್, ಸಫಿಯಾ, ಸಫಿಯಾರ ದೊಡ್ಡ ಮಗಳು ಕೂತಿದ್ದರು. ಮಗಳು ಕಾಲೇಜಿಗೆ ಹೋಗುವವಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಸಫಿಯಾರ ಮುಖ ಮುಚ್ಚಿತ್ತು. ನಾನು ನಮಸ್ಕಾರ ಮಾಡಿದೆ, ಅವರು ತಲೆ ಆಡಿಸಿದರು.

ವಕೀಲರು ಬೆರಳಚ್ಚಿನ ಕರಡು ಓದುತ್ತ ಒಂದು ಸಾಲಿನ ಹತ್ತಿರ ನಿಂತರು. “ಇಲ್ಲಿ ‘ನನಗೆ ನೆನಪಿರುವಂತೆ ಬಹುಶಃ’ ಹೇಳಿ ಬರೆಸಿದ್ದೀರಿ. ಪ್ರಮಾಣಪತ್ರದಲ್ಲಿ ಬಹುಶಃ ನಡೆಯೂದಿಲ್ಲ. ಬೇಡ ಹೇಳಿದ್ದು ನೀವು ಹೌದಾ, ಅಲ್ಲವಾ?”

ನಾನು ಕರಡಿನ ಆ ಸಾಲನ್ನು ಮತ್ತೆ ಓದಿದೆ. ಆಮೇಲೆ ಸಫಿಯಾ, ನನಗೆ ಎಂದಲ್ಲ, ಎದುರಿನ ಗೋಡೆಗೆ ಹೇಳುವಂತೆ ಹೇಳಿದರು: “ತಲೆ ಎತ್ಲಿಲ್ಲ ಇವ್ರು. ಬರೀತಾ ಇದ್ರು. ಬರೀತಾನೇ ಬೇಡ ಅಂದ್ರು. ಪರದೆ ಸಂದಿಯಿಂದ ನನಗೆ ಕಾಣ್ತಿತ್ತು.”

ಪರದೆಯ ಆಚೆಯಿಂದ ಈಚೆ ಕಾಣುತ್ತದೆ ಎಂಬುದು ಇಷ್ಟು ವರ್ಷ ನನ್ನ ತಲೆಗೆ ಬಂದಿರಲಿಲ್ಲ.

“ಹೌದು,” ಎಂದೆ. “ಬಹುಶಃ ಹೊಡೆದುಹಾಕಿ. ನಾನೇ.”

ನನ್ನ ನೆನಪಿನ ವಿರುದ್ಧ ನಾನು ಪ್ರಮಾಣ ಮಾಡಿದೆ ಎಂದು ಬೇಕಾದರೆ ಯಾರಾದರೂ ಹೇಳಲಿ. ಇಲಾಖೆಗೆ ಒಂದು ಪ್ರತಿ ನಾನೇ ಕಳಿಸಿದ್ದೇನೆ. ವಿವರಣೆ ಕೇಳಿ ಪತ್ರ ಬಂದಿದೆ. ಮುಂದಿನ ವಾರ ಹೋಗಬೇಕು. ಅರ್ಜಿ ಮತ್ತೆ ದೆಹಲಿಯ ದಾರಿಯಲ್ಲಿದೆ.

ಸಹಿ ಹಾಕಿದ ಮೇಲೆ ವಕೀಲರು ಕಾಗದ ತಿರುಗಿಸಿದರು. “ಇಲ್ಲೊಂದು ಸಹಿ ಬೇಕು. ನಿಮ್ಮನ್ನು ಖುದ್ದು ಬಲ್ಲವರದು. ಯಾರಿದ್ದಾರೆ?”

“ಆಧಾರ್ ಉಂಟಲ್ಲ,” ಎಂದೆ.

“ಕಾರ್ಡು ಬೇರೆ, ಗುರುತಿಸುವವರು ಬೇರೆ. ನೀವು ಇಷ್ಟು ವರ್ಷ ಇದೇ ಕೆಲಸ ಮಾಡಿದವರಲ್ವಾ ಸರ್? ಈ ಊರಲ್ಲಿ ಯಾರೂ ಇಲ್ವಾ ನಿಮ್ಮವರು?”

ನಾನು ಯೋಚಿಸಿದೆ. ನಿಜವಾಗಿ ಯೋಚಿಸಿದೆ. ಈ ತಾಲೂಕಿನಲ್ಲಿ ನನ್ನ ಸಹಿ ಇಲ್ಲದ ಮನೆಯಿಲ್ಲ. ಫೋನು ಮಾಡಿ ಬಾ ಎನ್ನಬಹುದಾದ ಒಂದು ಹೆಸರೂ ಬರಲಿಲ್ಲ.

“ನಾ ಹಾಕ್ತೆ,” ಎಂದು ಇಸ್ಮಾಯಿಲ್ ಎದ್ದರು.

“ನಿಮ್ಮ ಹೆಸರು ಪತ್ರದ ಒಳಗೇ ಉಂಟು, ಬೇಡ,” ಎಂದರು ವಕೀಲರು.

“ಹಂಗಾರೆ ನಾನು?” ಎಂದರು ಸಫಿಯಾ.

“ನಿಮ್ಮದೇ ಅರ್ಜಿ ಇದು. ಅದೂ ಅಲ್ದೆ...” ವಕೀಲರು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಇಪ್ಪತ್ತೊಂದು ವರ್ಷ ಈ ಊರಲ್ಲಿ ಬಾಳಿದವರು ಇಲ್ಲಿಯ ಒಬ್ಬ ಮನುಷ್ಯನನ್ನು ಬಲ್ಲೆ ಎಂದರೆ ನಡೆಯುವುದಿಲ್ಲ.

ಆಗ ಬೆಂಚಿನ ತುದಿಯಿಂದ ಮಗಳು ಎದ್ದಳು. “ನನ್ನ ಹತ್ರ ವೋಟರ್ ಕಾರ್ಡ್ ಉಂಟು. ನಾನು ಹಾಕ್ಬಹುದಲ್ಲ?”

ವಕೀಲರು ಕಾರ್ಡು ನೋಡಿದರು, ಅವಳನ್ನು ನೋಡಿದರು. “ಬಲ್ಲೆ ಹೇಳಿ ಸಹಿ ಹಾಕೂದು. ಇವರು ನಿನಗೆ ಗೊತ್ತಾ?”

ಹುಡುಗಿ ಪೆನ್ನು ತೆಗೆದುಕೊಂಡು ಮೇಜಿನ ಈ ಬದಿಗೆ ಬಂದು ನನ್ನ ಎದುರು ನಿಂತಳು.

“ಅಂಕಲ್, ನಿಮ್ಮ ಪೂರ್ತಿ ಹೆಸರು ಎಂತ?”

ಹೇಳಿದೆ. ಅವಳು ಅದನ್ನು ಒಂದು ಸಲ ಬಾಯಲ್ಲಿ ಹೇಳಿಕೊಂಡಳು. ಆಮೇಲೆ ನನ್ನ ಮುಖವನ್ನು ನೋಡಿದಳು. ಅವಸರವಿಲ್ಲದೆ, ಹಣೆಯಿಂದ ಗಲ್ಲದವರೆಗೆ. ನಂತರ ಬಗ್ಗಿ ಸಹಿ ಹಾಕಿದಳು.